ಪತ್ತನಾಜೆಯವರೆಗೆ ಕಾಯಬಾರದಾ?

ಹನ್ನೆರಡು ವರ್ಷದ ಹಿಂದಿನ ಮಾತು. ಬಿಸು, ಅಂದರೆ ಏಪ್ರಿಲ್ ನಡುವಿನ ನಮ್ಮ ಹೊಸ ವರ್ಷ, ಕಳೆದು ಎರಡು ದಿನ ಆಗಿತ್ತು. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಸಿಗುವ ನಮ್ಮ ಸಣ್ಣ ಪೇಟೆಯಲ್ಲಿ ಒಂದು ಫುಟ್‌ಬಾಲ್ ಕ್ಲಬ್ ಇತ್ತು. ಅದರ ಮಾಳಿಗೆ ಕೋಣೆಯಲ್ಲಿ ರಾತ್ರಿ ಏಳು ಜನ ಕೂತಿದ್ದೆವು. ಕರೆಂಟ್ ಹೋಗಿತ್ತು, ಸೆಕೆ ತಡೆಯುವ ಹಾಗಿರಲಿಲ್ಲ. ತಂಡ ಸತತ ಮೂರು ಪಂದ್ಯ ಸೋತಿತ್ತು. ಜರ್ಸಿಗೆ ದುಡ್ಡು ಕೊಟ್ಟವರು ಬೇಸರದಲ್ಲಿದ್ದರು.

"ಕೋಚನ್ನು ಬದಲಿಸೋಣ ಅನ್ನುವವರು ಕೈ ಎತ್ತಿ" ಅಂದರು ಅಧ್ಯಕ್ಷರು. ಐದು ಕೈ ಮೇಲೆ ಹೋಯಿತು. ಅದರಲ್ಲಿ ಒಂದು ನನ್ನದು.

ನಮ್ಮ ಕೋಚ್ ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟವರು. ಊರಿಗೆಲ್ಲ ಅವರು ಟೈಲರಣ್ಣ. ಹುಡುಗರು ಅಭ್ಯಾಸಕ್ಕೆ ಎರಡು ಪಂಗಡ ಆಗುವಾಗ ಅಂಗಿಯ ಮೇಲೆ ಹಾಕಿಕೊಳ್ಳುವ ಬಿಬ್‌ಗಳನ್ನು ಕೂಡ ಅವರೇ ಹೊಲಿದಿದ್ದರು, ಶಾಲೆಯ ಯೂನಿಫಾರ್ಮಿನಲ್ಲಿ ಮಿಕ್ಕಿದ ಹಳದಿ ಬಟ್ಟೆಯಿಂದ. ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿ ವಿಷಯ ತಿಳಿಸುವ ಕೆಲಸ ಕಾರ್ಯದರ್ಶಿಯಾದ ನನ್ನ ಪಾಲಿಗೆ ಬಂತು. ಅವರು ಮೆಷಿನ್ ತುಳಿಯುವುದನ್ನು ನಿಲ್ಲಿಸಿ ಕೇಳಿದರು. "ಆಯ್ತು" ಅಂದರು. ಅಷ್ಟೇ.

ಸಂಜೆ ಒಂದು ಬಟ್ಟೆ ಚೀಲ ಹಿಡಿದು ಮನೆಗೆ ಬಂದರು. ಒಳಗೆ ಹದಿನಾಲ್ಕು ಬಿಬ್. ಎಲ್ಲ ಒಗೆದು, ಇಸ್ತ್ರಿ ಹಾಕಿ, ಏಳರ ಎರಡು ಕಟ್ಟು ಮಾಡಿದ್ದರು. ಮೇಲೆ ಸೀಟಿ, ಗಾಳಿ ಹಾಕುವ ಪಂಪು, ಕಾಗದದಲ್ಲಿ ಸುತ್ತಿದ ಅದರ ಸೂಜಿ. ಒಂದು ಬಿಬ್ಬಿನ ದಾರ ಹಿಂದಿನ ವಾರ ಕಿತ್ತುಹೋಗಿತ್ತು. ಅದಕ್ಕೆ ಹೊಸ ದಾರ ಬಂದಿತ್ತು. ನಾನು ಬೆಳಿಗ್ಗೆ ವಿಷಯ ಹೇಳಿ ಹೋದ ಮೇಲೆ ಕೂತು ಹೊಲಿದ ದಾರ ಅದು.

ಫುಟ್‌ಬಾಲ್ ಕ್ಲಬ್‌ಗಳು ಮ್ಯಾನೇಜರ್‌ಗಳನ್ನು ಹೀಗೆ ನಡುದಾರಿಯಲ್ಲಿ ಇಳಿಸಿದರೆ ಅವಕ್ಕೆ ದಂಡ ಹಾಕಬೇಕಾ ಅನ್ನುವ ಚರ್ಚೆ ಎಲ್ಲಿ ಬಂದರೂ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಆ ದಾರ. ಹಾಗಾಗಿ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಾಕಬೇಕು. ಆದರೆ ದುಡ್ಡಿನ ದಂಡ ಬೇಡ.

ಮ್ಯಾನೇಜರ್ ಅನ್ನುವ ಮಾತಿಗೆ ನಮ್ಮ ಕಡೆ ಬೇರೆ ಅರ್ಥ ಇದೆ. ಕಾಸರಗೋಡಿನಿಂದ ಮಲಪ್ಪುರಂವರೆಗೆ ನಡೆಯುವ ಸೆವೆನ್ಸ್ ಆಟದಲ್ಲಿ, ಅಂದರೆ ಏಳೇಳು ಜನರ ಫುಟ್‌ಬಾಲಿನಲ್ಲಿ, ಮ್ಯಾನೇಜರ್ ಅಂದರೆ ದುಡ್ಡು ಹಿಡಿದವನು, ಆಫ್ರಿಕಾದಿಂದ ಆಟಗಾರರನ್ನು ಕರೆಸಿ ಊಟ ವಸತಿ ನೋಡಿಕೊಳ್ಳುವವನು. ಇಂಗ್ಲೆಂಡಿನಲ್ಲಿ ಮ್ಯಾನೇಜರ್ ಅಂದರೆ ತಂಡವನ್ನು ಆಡಿಸುವವನು. ನಮ್ಮ ಲೆಕ್ಕದಲ್ಲಿ ಕೋಚ್. ನಾನು ಇಲ್ಲಿ ಹೇಳುವುದು ಈ ಎರಡನೆಯವನ ಬಗ್ಗೆ.

ದುಡ್ಡಿನ ದಂಡ ಯಾಕೆ ಬೇಡ ಅಂದರೆ, ಅದನ್ನು ಕ್ಲಬ್‌ಗಳು ಈಗಾಗಲೇ ಕಟ್ಟುತ್ತಿವೆ. ಕರಾರು ಮುಗಿಯುವ ಮೊದಲೇ ಕಳಿಸಿದರೆ ಪರಿಹಾರ ಕೊಡಲೇಬೇಕು. ಕೋಚ್‌ಗಳ ಕೆಲಸದ ಕರಾರಿಗೆಂದೇ ಫಿಫಾ 2021ರ ಜನವರಿಯಿಂದ ಪ್ರತ್ಯೇಕ ನಿಯಮವನ್ನೂ ತಂದಿದೆ. ಇಂಗ್ಲೆಂಡಿನ ಚೆಲ್ಸಿ ಕ್ಲಬ್ ತನ್ನ ಮ್ಯಾನೇಜರ್ ಆಂಟೋನಿಯೊ ಕಾಂಟೆ ಮತ್ತು ಅವರ ಸಹಾಯಕರನ್ನು ಕಳಿಸಿದ್ದಕ್ಕೆ ಖರ್ಚಾದದ್ದು 2 ಕೋಟಿ 66 ಲಕ್ಷ ಪೌಂಡ್. ಅಷ್ಟು ಕೊಟ್ಟ ಮೇಲೂ ಚೆಲ್ಸಿ ಕಲಿತದ್ದೇನೂ ಕಾಣುವುದಿಲ್ಲ. ಅಲ್ಲಿ ಮ್ಯಾನೇಜರ್ ಬದಲಾಗುವುದು ನಿಂತೇ ಇಲ್ಲ.

ಮ್ಯಾಂಚೆಸ್ಟರ್ ಯುನೈಟೆಡ್ ಕತೆ ಇನ್ನೂ ಬೇಸರದ್ದು. 2024ರ ಜುಲೈಯಲ್ಲಿ ಮ್ಯಾನೇಜರ್ ಎರಿಕ್ ಟೆನ್ ಹಾಗ್ ಅವರ ಕರಾರನ್ನು ಒಂದು ವರ್ಷ ಹೆಚ್ಚಿಸಿದರು. ಅಕ್ಟೋಬರ್ 28ಕ್ಕೆ ತೆಗೆದರು. ಅವರಿಗೂ ಸಹಾಯಕರಿಗೂ ಕೊಟ್ಟದ್ದು 1 ಕೋಟಿ 4 ಲಕ್ಷ ಪೌಂಡ್. ಅದೇ ವರ್ಷ ಕ್ಲಬ್ ಸುಮಾರು 250 ಕೆಲಸಗಳನ್ನು ಕಡಿತ ಮಾಡಿತು. 2025ರ ಫೆಬ್ರವರಿಯಲ್ಲಿ ಇನ್ನೂ 150ರಿಂದ 200 ಕೆಲಸ ಹೋಗುತ್ತದೆ ಅಂತ ಹೇಳಿತು. ಕ್ಲಬ್ಬಿನ ಮೈದಾನವಾದ ಓಲ್ಡ್ ಟ್ರಾಫರ್ಡ್‌ನಲ್ಲಿ ಸಿಬ್ಬಂದಿಗೆ ಸಿಗುತ್ತಿದ್ದ ಉಚಿತ ಮಧ್ಯಾಹ್ನದ ಊಟವನ್ನೂ ನಿಲ್ಲಿಸಿದರು. ಆ ಊಟದ ದುಡ್ಡನ್ನೇ ಟೆನ್ ಹಾಗ್‌ಗೆ ಕೊಟ್ಟರು ಅಂತ ನಾನು ಹೇಳುತ್ತಿಲ್ಲ. ಆದರೆ ಒಂದೇ ಪೆಟ್ಟಿಗೆಯ ದುಡ್ಡು ತಾನೇ? ತೀರ್ಮಾನ ಮಾಡಿದ್ದು ಮೀಟಿಂಗ್ ಹಾಲಿನವರು. ಊಟ ಹೋದದ್ದು ಟಿಕೆಟ್ ಕೌಂಟರಿನವರದ್ದು, ಪಾತ್ರೆ ತೊಳೆಯುವವರದ್ದು. ಇದರ ಮೇಲೆ ಇನ್ನೊಂದಷ್ಟು ಕೋಟಿ ದಂಡ ಹಾಕಿದರೆ ಅದು ಯಾರ ತಟ್ಟೆಯಿಂದ ಹೋಗುತ್ತದೆ?

ನಮ್ಮ ದೇಶದ್ದೇ ನೋಡಿ. ಭಾರತ ತಂಡದ ಕೋಚ್ ಇಗೋರ್ ಸ್ಟಿಮಾಚ್ ಅವರನ್ನು 2024ರ ಜೂನ್‌ನಲ್ಲಿ ತೆಗೆದದ್ದು ನೆನಪಿರಬಹುದು. ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಬಿದ್ದ ಸಿಟ್ಟು. ಆದರೆ ಅವರ ಕರಾರು 2026ರವರೆಗೆ ಇತ್ತು. ಕೊನೆಗೆ ಫೆಡರೇಷನ್ 4 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಮೂರು ಕೋಟಿ ರೂಪಾಯಿಗೂ ಜಾಸ್ತಿ. ಆ ದುಡ್ಡಿನಲ್ಲಿ ಎಷ್ಟು ಊರಿನ ಮಕ್ಕಳಿಗೆ ಚೆಂಡು, ಬೂಟು, ಲೀಗ್ ಆಗುತ್ತಿತ್ತು ಅಂತ ನಮ್ಮಂಥ ಕಡೆ ಆಟ ನಡೆಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭಾರತಕ್ಕೆ ಆಡಿದ ಮೊಹಮ್ಮದ್ ರಾಫಿ ನಮ್ಮದೇ ಜಿಲ್ಲೆಯ ತೃಕ್ಕರಿಪುರದವರು. ಅಂಥವರು ಬರುವುದು ಇಂಥ ಗದ್ದೆಗಳಿಂದಲೇ.

ಹಾಗಾದರೆ ಅಂಕ ಕಡಿತ? 2023-24ರಲ್ಲಿ ಲೆಕ್ಕಪತ್ರದ ನಿಯಮ ಮುರಿದದ್ದಕ್ಕೆ ಇಂಗ್ಲೆಂಡಿನ ಎವರ್ಟನ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ಅಂಕ ಕಡಿತ ಮಾಡಿದ್ದರು. ಕೋಚನ್ನು ತೆಗೆದದ್ದಕ್ಕೂ ಹಾಗೆ ಮಾಡಬಹುದು ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಆಗುತ್ತದೆ ಅಂತ ತಾನೇ ನಮ್ಮ ತಕರಾರು? ಆಟಗಾರರು ಕಷ್ಟಪಟ್ಟು ಗೆದ್ದ ಅಂಕ ಕಿತ್ತುಕೊಂಡರೆ ಮತ್ತೆ ಎಮ್ಮೆಗೇ ಬರೆ. ಎತ್ತು ಹಾಯಾಗಿ ಹಟ್ಟಿಯಲ್ಲೇ ಇರುತ್ತದೆ.

ಇಷ್ಟು ಸಲೀಸಾಗಿ ತೆಗೆಯುತ್ತಾರಲ್ಲ, ಅದರಿಂದ ತಂಡಕ್ಕೆ ಒಳ್ಳೆಯದಾದರೂ ಆಗುತ್ತದಾ?

ನಾವು ಟೈಲರಣ್ಣನನ್ನು ಕಳಿಸಿ ಕಣ್ಣೂರಿನಿಂದ ಹೊಸ ಕೋಚನ್ನು ಕರೆಸಿದೆವು. ಮೊದಲ ಪಂದ್ಯ ಎರಡು ಗೋಲಿನಿಂದ ಗೆದ್ದೆವು. "ನೋಡಿ, ಹೇಳಿರಲಿಲ್ವಾ" ಅಂದರು ಎಲ್ಲರೂ. ನಾನೂ ಅಂದೆ. ಆಮೇಲಿನ ಎರಡು ಪಂದ್ಯ ಸೋತು ನಮ್ಮ ಸೀಸನ್ ಮುಗಿಯಿತು.

ಶೀತಕ್ಕೆ ಮದ್ದು ಮಾಡಿದರೆ ಏಳು ದಿನ, ಮಾಡದಿದ್ದರೆ ಒಂದು ವಾರ ಅಂತ ನಮ್ಮ ಹಿರಿಯರು ಹೇಳುತ್ತಾರಲ್ಲ, ಹಾಗೆಯೇ ಇದು. ತಂಡ ತುಂಬಾ ಕೆಳಗೆ ಬಿದ್ದಾಗಲೇ ಕೋಚನ್ನು ತೆಗೆಯುವುದು. ಅಷ್ಟು ಕೆಳಗೆ ಬಿದ್ದದ್ದು ಸಾಮಾನ್ಯವಾಗಿ ಮೇಲೆ ಬಂದೇ ಬರುತ್ತದೆ. ಹೊಸಬ ಬಂದ ಹೊತ್ತಿಗೆ ಅದು ಏಳುತ್ತದೆ, ಹೆಸರು ಹೊಸಬನಿಗೆ ಹೋಗುತ್ತದೆ. ಬಾಸ್ ಟೆರ್ ವೀಲ್ ಅನ್ನುವ ಅರ್ಥಶಾಸ್ತ್ರಜ್ಞರು ನೆದರ್‌ಲ್ಯಾಂಡ್ಸ್‌ನ ಲೀಗಿನ 1986ರಿಂದ 2004ರವರೆಗಿನ ಪಂದ್ಯಗಳನ್ನು ಇಟ್ಟುಕೊಂಡು ಇದನ್ನೇ ಅಳೆದು ನೋಡಿದರು. ಅಷ್ಟೇ ಕೆಟ್ಟದಾಗಿ ಸೋಲುತ್ತಿದ್ದೂ ಕೋಚನ್ನು ಉಳಿಸಿಕೊಂಡ ತಂಡಗಳು ಕೂಡ, ಬದಲಿಸಿದ ತಂಡಗಳ ಹಾಗೆಯೇ ಚೇತರಿಸಿಕೊಂಡಿದ್ದವು.

ಇದಕ್ಕೆ ಎದುರಾದ ಉದಾಹರಣೆಗಳೂ ಇವೆ, ಮುಚ್ಚಿಡುವುದಿಲ್ಲ. 2012ರ ಮಾರ್ಚ್‌ನಲ್ಲಿ ಚೆಲ್ಸಿ ತನ್ನ ಮ್ಯಾನೇಜರನ್ನು ತೆಗೆದು ಸಹಾಯಕನಾಗಿದ್ದ ಡಿ ಮ್ಯಾಟಿಯೊಗೆ ತಂಡ ಕೊಟ್ಟಿತು. ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದಿತು. 2021ರ ಜನವರಿಯಲ್ಲಿ ಲ್ಯಾಂಪಾರ್ಡ್ ಹೋಗಿ ಟುಹೆಲ್ ಬಂದರು, ಮೇ ತಿಂಗಳಲ್ಲಿ ಮತ್ತೆ ಅದೇ ಕಪ್. ಆದರೆ ಡಿ ಮ್ಯಾಟಿಯೊ 2012ರ ನವೆಂಬರ್ ದಾಟಲಿಲ್ಲ. ಟುಹೆಲ್ 2022ರ ಸೆಪ್ಟೆಂಬರ್ ದಾಟಲಿಲ್ಲ. ತಾಳ್ಮೆಯ ಪರ ಮಾತಾಡುವವರೆಲ್ಲ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗುಸನ್ ಕತೆ ಹೇಳುತ್ತಾರೆ. 1986ರಲ್ಲಿ ಬಂದರು, ಮೊದಲ ಕಪ್‌ಗೆ 1990ರವರೆಗೆ ಕಾಯಬೇಕಾಯಿತು ಅಂತ. ನನಗೆ ಆ ಕತೆ ಸಾಕ್ಷಿಯಾಗಿ ಬೇಡ. ಅಂಥವರು ನೂರು ವರ್ಷಕ್ಕೆ ಒಬ್ಬರು. ನಾನು ಕೇಳುತ್ತಿರುವುದು ಸಾಧಾರಣ ಕೋಚ್‌ಗೆ ಸಾಧಾರಣ ನ್ಯಾಯ.

ಇಂಗ್ಲೆಂಡಿನಲ್ಲಿ ವಾಟ್‌ಫೋರ್ಡ್ ಅನ್ನುವ ಕ್ಲಬ್ ಇದೆ. 2022ರಲ್ಲಿ ರಾಬ್ ಎಡ್ವರ್ಡ್ಸ್ ಅವರನ್ನು ತಂದು, ಲೀಗಿನ ಹತ್ತೇ ಪಂದ್ಯ ಆದ ಮೇಲೆ ಸೆಪ್ಟೆಂಬರ್‌ನಲ್ಲಿ ಕಳಿಸಿತು. ಪಕ್ಕದ ಲೂಟನ್ ಕ್ಲಬ್ ನವೆಂಬರ್‌ನಲ್ಲಿ ಅವರನ್ನು ಕರೆದುಕೊಂಡಿತು. ಕಾಸರಗೋಡಿಗೂ ಮಂಜೇಶ್ವರಕ್ಕೂ ಇರುವಷ್ಟೇ ದೂರ, ಮತ್ತೆ ಪರಸ್ಪರ ಆಗದವರು. ಮುಂದಿನ ಮೇ ತಿಂಗಳಲ್ಲಿ ಎಡ್ವರ್ಡ್ಸ್ ಅದೇ ಲೂಟನ್‌ನನ್ನು ಪ್ರೀಮಿಯರ್ ಲೀಗಿಗೆ ಹತ್ತಿಸಿದರು. ವಾಟ್‌ಫೋರ್ಡ್ ಆ ಸೀಸನ್ನಿನಲ್ಲಿ ಇನ್ನೂ ಇಬ್ಬರನ್ನು ಕೂರಿಸಿ ಹನ್ನೊಂದನೇ ಸ್ಥಾನದಲ್ಲಿ ನಿಂತಿತು.

ಒಬ್ಬರನ್ನು ತೆಗೆದರೆ ಅದು ಅಲ್ಲಿಗೇ ನಿಲ್ಲುವುದೂ ಇಲ್ಲ. ಟೆನ್ ಹಾಗ್ ಜಾಗಕ್ಕೆ ಯುನೈಟೆಡ್ ತಂದದ್ದು ರೂಬೆನ್ ಅಮೊರಿಮ್ ಅವರನ್ನು. ಅವರು ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್ಬಿನಲ್ಲಿ ಚೆನ್ನಾಗಿಯೇ ಇದ್ದರು. ತಂಡ ಲೀಗಿನಲ್ಲಿ ಸೋತೇ ಇರಲಿಲ್ಲ. ಅವರು ಹೋದ ಮೇಲೆ ಸ್ಪೋರ್ಟಿಂಗ್ ತನ್ನ ಎರಡನೇ ತಂಡದ ಕೋಚ್‌ಗೆ ಜವಾಬ್ದಾರಿ ಕೊಟ್ಟಿತು. ಎಂಟು ಪಂದ್ಯಕ್ಕೆ, ಡಿಸೆಂಬರ್‌ನಲ್ಲಿ, ಅವರನ್ನೂ ತೆಗೆಯಿತು. ಆಮೇಲೆ ಗಿಮರಾಯಿಸ್ ಊರಿನ ವಿಟೋರಿಯಾ ಕ್ಲಬ್ಬಿನ ಕೋಚನ್ನು ಸೀಸನ್ ನಡುವೆಯೇ ಎಳೆದುಕೊಂಡಿತು. ಮ್ಯಾಂಚೆಸ್ಟರಿನಲ್ಲಿ ಒಂದು ಕಲ್ಲು ಕಿತ್ತದ್ದಕ್ಕೆ ಪೋರ್ಚುಗಲ್ಲಿನ ಎರಡು ಮನೆಯ ಗೋಡೆ ಅಲುಗಿತು. ವಿಟೋರಿಯಾದವರು ಯಾರಿಗೆ ಏನು ಮಾಡಿದ್ದರು?

ನಮ್ಮ ಊರಿನ ಹತ್ತಿರದ ಕತೆಗೆ ಬರುತ್ತೇನೆ. ನಮಗೆ ಬೆಂಗಳೂರೂ ಕೊಚ್ಚಿಯೂ ಹೆಚ್ಚುಕಮ್ಮಿ ಒಂದೇ ದೂರ, ಒಂದು ರಾತ್ರಿಯ ಪ್ರಯಾಣ. ಹಾಗಾಗಿ ಒಂದೇ ಮನೆಯಲ್ಲಿ ನೀಲಿಯೂ ಇದೆ, ಹಳದಿಯೂ ಇದೆ. ನನ್ನದು ಬೆಂಗಳೂರು ಎಫ್‌ಸಿ, ಅಣ್ಣನ ಮಗನದ್ದು ಕೇರಳ ಬ್ಲಾಸ್ಟರ್ಸ್. 2023ರ ಮಾರ್ಚ್ 3ರಂದು ಬ್ಲಾಸ್ಟರ್ಸ್‌ನವರು ತಯಾರಾಗುವ ಮೊದಲೇ ಬೆಂಗಳೂರಿನ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದ್ದಕ್ಕೆ, ಬ್ಲಾಸ್ಟರ್ಸ್ ಕೋಚ್ ವುಕೊಮಾನೊವಿಚ್ ತಂಡವನ್ನೇ ಕಂಠೀರವ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರಲ್ಲ, ಆ ಮೇಲೆ ಹುಡುಗ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ.

2024ರಲ್ಲಿ ಬ್ಲಾಸ್ಟರ್ಸ್‌ಗೆ ಸ್ವೀಡನ್ನಿನ ಮಿಕಾಯೆಲ್ ಸ್ಟಾರೆ ಬಂದರು. 12 ಪಂದ್ಯ, 3 ಗೆಲುವು, 11 ಅಂಕ. ಡಿಸೆಂಬರ್‌ನಲ್ಲಿ ಕಳಿಸಿದರು. ಉಳಿದ ಸೀಸನ್ನಿಗೆ ಹೊರಗಿನವರನ್ನು ತರಲಿಲ್ಲ. ಮೊದಲೇ ಕ್ಲಬ್ಬಿನಲ್ಲಿದ್ದ ಟಿ.ಜಿ. ಪುರುಷೋತ್ತಮನ್ ತಂಡ ನಡೆಸಿದರು. ಉಳಿದ 12 ಪಂದ್ಯದಲ್ಲಿ 18 ಅಂಕ ಬಂತು. ಪ್ಲೇಆಫ್ ಸಿಗಲಿಲ್ಲ, ಎಂಟನೇ ಸ್ಥಾನ. ಆದರೂ ಆ ತಂಡ ಮೊದಲಿಗಿಂತ ಗಟ್ಟಿಯಾಗಿ ಆಡಿತು. ಲೀಗ್ ಮುಗಿದ ಮೇಲೆ, ಮಾರ್ಚ್ ಕೊನೆಗೆ, ಸ್ಪೇನಿನ ಡೇವಿಡ್ ಕತಾಲಾ ಅವರನ್ನು ನೇಮಿಸಿದರು. ಸ್ಟಾರೆ ಅವರನ್ನು ತೆಗೆದದ್ದು ಸರಿಯೋ ತಪ್ಪೋ, ಆಮೇಲೆ ನಡೆದ ರೀತಿ ನನಗೆ ಇಷ್ಟ ಆಯಿತು. ಮನೆಯವನ ಕೈಗೆ ಕೊಟ್ಟು ಸೀಸನ್ ಮುಗಿಸಿದರು. ಹುಡುಕುವ ಕೆಲಸ ನಿಧಾನಕ್ಕೆ ಮಾಡಿದರು.

ಬ್ರೆಜಿಲ್ 2021ರಲ್ಲಿ ಹೆಚ್ಚುಕಡಿಮೆ ಇದನ್ನೇ ನಿಯಮ ಮಾಡಿತ್ತು. ಕೋಚ್‌ಗಳನ್ನು ತಿಂಗಳಿಗೊಮ್ಮೆ ಎಸೆಯುವುದರಲ್ಲಿ ಬ್ರೆಜಿಲ್ ಕ್ಲಬ್‌ಗಳನ್ನು ಮೀರಿಸುವವರು ಕಡಿಮೆ. ಮೊದಲ ದರ್ಜೆಯ ಲೀಗಿನಲ್ಲಿ ಒಂದು ಕ್ಲಬ್ ಒಂದು ಸೀಸನ್ನಿಗೆ ಒಬ್ಬ ಕೋಚನ್ನು ಮಾತ್ರ ತೆಗೆಯಬಹುದು ಅಂತ ಆಯಿತು. ಎರಡನೆಯವನನ್ನೂ ತೆಗೆದರೆ, ಆರು ತಿಂಗಳಿಂದ ಕ್ಲಬ್ಬಿನಲ್ಲೇ ಕೆಲಸ ಮಾಡುತ್ತಿರುವವನ ಕೈಗೆ ತಂಡ ಕೊಡಬೇಕು. ಎಷ್ಟು ಒಳ್ಳೆಯ ಯೋಚನೆ! ಇದು ಊಟದ ತಟ್ಟೆಗೆ ಕೈ ಹಾಕುವುದಿಲ್ಲ, ಅಂಕಕ್ಕೆ ಕೈ ಹಾಕುವುದಿಲ್ಲ. ಆರಿಸುವವರ ಕೈಯನ್ನು ಮಾತ್ರ ಕಟ್ಟುತ್ತದೆ. ಆದರೆ ಬೇಲಿಯಲ್ಲಿ ಒಂದು ತೂತು ಉಳಿದಿತ್ತು. "ಪರಸ್ಪರ ಒಪ್ಪಿಗೆಯಿಂದ ಬೇರೆಯಾದೆವು" ಅಂತ ಕಾಗದ ಮಾಡಿಕೊಂಡರೆ ಅದು ತೆಗೆದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಎಲ್ಲರೂ ಆ ತೂತಿನಿಂದಲೇ ನುಸುಳಿದರು. ಮರುವರ್ಷ ನಿಯಮವನ್ನೇ ಬಿಟ್ಟರು.

ಈ ಪರಸ್ಪರ ಒಪ್ಪಿಗೆ ಅನ್ನುವ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಲೂಟನ್ ಕೂಡ ಎಡ್ವರ್ಡ್ಸ್ ಅವರನ್ನು 2025ರ ಜನವರಿಯಲ್ಲಿ ಕಳಿಸಿದ್ದು ಇದೇ ಮಾತು ಹೇಳಿ. ನಮ್ಮ ಕ್ಲಬ್ಬಿನ ಮಿನಿಟ್ಸ್ ಪುಸ್ತಕದಲ್ಲೂ ನನ್ನದೇ ಕೈಬರಹದಲ್ಲಿ "ಕೋಚ್ ಅವರ ಒಪ್ಪಿಗೆಯ ಮೇರೆಗೆ" ಅಂತ ಇದೆ. ಅವರು ಅಂದದ್ದು "ಆಯ್ತು" ಅಂತ. ಅದು ಒಪ್ಪಿಗೆ ಅಲ್ಲ.

ನನ್ನ ಮನಸ್ಸಿನಲ್ಲಿರುವ ದಂಡ ನಮ್ಮ ನೆಲದಲ್ಲೇ ಇದೆ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರಿನವರಿಗೆ ಅದನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಯಕ್ಷಗಾನದ ಮೇಳಗಳು ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಡುತ್ತವೆ. ತುಳುವಿನ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ ಕೊನೆಯ ಹೊತ್ತಿಗೆ ಪತ್ತನಾಜೆ. ಆವತ್ತಿಗೆ ದೈವಗಳ ಕೋಲ, ನೇಮ, ಜಾತ್ರೆ ಎಲ್ಲ ನಿಲ್ಲುತ್ತದೆ. ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಯಾರು ಯಾವ ಮೇಳ ಬಿಟ್ಟರು, ಯಾರು ಎಲ್ಲಿ ಸೇರಿದರು ಅನ್ನುವ ಮಾತೆಲ್ಲ ಸಾಮಾನ್ಯವಾಗಿ ಅದರ ನಂತರದ ಮಳೆಗಾಲದ್ದು. ನಡು ತಿರುಗಾಟದಲ್ಲಿ ಬಿಟ್ಟವರು, ಬಿಡಿಸಿಕೊಂಡವರು ಇಲ್ಲವೇ ಇಲ್ಲ ಅಂತಲ್ಲ. ಅಂಥದ್ದು ನಡೆದರೆ ಊರು ವರ್ಷಗಟ್ಟಲೆ ಅದನ್ನೇ ಮಾತಾಡುತ್ತದೆ. ಯಾಕೆ ಅಂದರೆ ಭಾಗವತರು ಬದಲಾದರೆ ಪದ ಹೇಳುವವರು ಒಬ್ಬರು ಬದಲಾದ ಹಾಗಲ್ಲ. ಚೆಂಡೆಯವರು, ಮದ್ದಳೆಯವರು, ವೇಷಧಾರಿಗಳು ಎಲ್ಲರಿಗೂ ಹೊಸ ಸ್ವರದ ಎಳೆ ಸಿಗಲು ಎಷ್ಟೋ ರಾತ್ರಿ ಬೇಕು. ಇದನ್ನು ಆಟ ನೋಡುವವರೂ ಬಲ್ಲರು. ಹಾಗಾಗಿ ಒಂದು ಆಟ ಸಪ್ಪೆಯಾದರೆ ಯಾರೂ ಭಾಗವತರ ತಲೆ ಕೇಳುವುದಿಲ್ಲ.

ಸೆವೆನ್ಸ್ ಕೂಡ ಹೆಚ್ಚುಕಡಿಮೆ ಅದೇ ತಿಂಗಳುಗಳ ಆಟ. ಕೊಯ್ಲಾದ ಗದ್ದೆಯಲ್ಲಿ ದೀಪ ಹಾಕಿ ಶುರು, ಮಳೆ ಬಂದರೆ ಮುಗಿಯಿತು. ನಮಗೂ ಪತ್ತನಾಜೆ ಇತ್ತು. ನಾವು ಕಾಯಲಿಲ್ಲ.

ಹಾಗಾಗಿ ನಾನು ಹೇಳುವ ದಂಡ ಇದು. ಕೋಚನ್ನು ಯಾವಾಗ ಬೇಕಾದರೂ ತೆಗೆಯಿರಿ, ಆದರೆ ಸೀಸನ್ ಮುಗಿಯುವವರೆಗೆ ಹೊರಗಿನವನನ್ನು ತರುವ ಹಾಗಿಲ್ಲ. ಮೊದಲ ಸಲ ತೆಗೆದಾಗಲೂ ಇದೇ ನಿಯಮ. ಕ್ಲಬ್ಬಿನಲ್ಲಿರುವ ಸಹಾಯಕನೋ, ಹುಡುಗರ ತಂಡದ ಕೋಚೋ ನಡೆಸಲಿ. ಆಟಗಾರರನ್ನು ಕೊಂಡು ಮಾರುವುದಕ್ಕೆ ವರ್ಷಕ್ಕೆ ಎರಡು ಸಲ ಮಾತ್ರ ಬಾಗಿಲು ತೆರೆಯುತ್ತದೆ, ಅದನ್ನು ಎಲ್ಲರೂ ಒಪ್ಪಿದ್ದಾರೆ. ಆಟಗಾರನಿಗೆ ಇರುವ ಬಾಗಿಲು ಕೋಚ್‌ಗೆ ಯಾಕಿಲ್ಲ? ಕಾಗದದಲ್ಲಿ ಪರಸ್ಪರ ಒಪ್ಪಿಗೆ ಅಂತ ಬರೆದರೂ ಲೆಕ್ಕ ಒಂದೇ. ಕೋಚ್ ಕೂಡ ಸೀಸನ್ ನಡುವೆ ದೊಡ್ಡ ಕ್ಲಬ್ ಕರೆಯಿತು ಅಂತ ಓಡುವ ಹಾಗಿಲ್ಲ. ಹುಡುಗರ ಮೇಲೆ ಕೈ ಮಾಡುವವನು, ದುಡ್ಡು ತಿನ್ನುವವನು ಇದ್ದರೆ ಅದು ಬೇರೆ ಮಾತು. ಅಂಥವನನ್ನು ಅದೇ ಸಂಜೆ ಹೊರಗೆ ಹಾಕಬೇಕು.

ಹೀಗೆ ಮಾಡಿದರೆ ನೇಮಿಸುವಾಗಲೇ ನಾಲ್ಕು ಸಲ ಯೋಚಿಸುತ್ತಾರೆ ಅನ್ನುವುದು ನನ್ನ ನಂಬಿಕೆ. ನಾಟಿಂಗ್‌ಹ್ಯಾಮ್ ಫಾರೆಸ್ಟ್ 2025ರ ಸೆಪ್ಟೆಂಬರ್‌ನಲ್ಲಿ ಒಬ್ಬರನ್ನು ತೆಗೆದು ಆಂಜ್ ಪೋಸ್ಟೆಕೊಗ್ಲು ಅವರನ್ನು ತಂದಿತು. 39 ದಿನಕ್ಕೆ, ಒಂದು ಪಂದ್ಯದ ಕೊನೆಯ ಸೀಟಿ ಊದಿ ಅರ್ಧ ಗಂಟೆ ಆಗುವ ಮೊದಲೇ, ಅವರನ್ನೂ ಕಳಿಸಿತು. ಇನ್ನೊಬ್ಬ ಹೊಸಬ ಸಿಗುವುದಿಲ್ಲ ಅಂತ ಗೊತ್ತಿದ್ದರೆ ಅಷ್ಟು ಅವಸರ ಮಾಡುತ್ತಿದ್ದರಾ?

ನಮ್ಮ ಮೂರು ಸೋಲಿನ ಕಾರಣ ಲೆಕ್ಕದ ಪುಸ್ತಕದಲ್ಲೇ ಇತ್ತು. ನಮ್ಮ ಇಬ್ಬರು ಒಳ್ಳೆಯ ಆಟಗಾರರು ಮಾರ್ಚ್‌ನಲ್ಲೇ ಬೇರೆ ತಂಡಕ್ಕೆ ಹೋಗಿದ್ದರು. ಅವರಿಗೆ ಕೊಡುತ್ತೇವೆ ಅಂದಿದ್ದ ದುಡ್ಡನ್ನು ಕಮಿಟಿ ಕೊಟ್ಟಿರಲಿಲ್ಲ. ಆ ಇಬ್ಬರಿಲ್ಲದೆ, ಹದಿನೇಳು ವರ್ಷದ ಗೋಲಿಯನ್ನು, ಅಂದರೆ ಗೋಲ್‌ಕೀಪರನ್ನು ಇಟ್ಟುಕೊಂಡು ಟೈಲರಣ್ಣ ತಂಡ ಆಡಿಸಿದ್ದರು. ಕೋಣೆಯಲ್ಲಿ ಕೂತಿದ್ದ ಏಳು ಜನರಲ್ಲಿ ಒಬ್ಬರೂ ಆ ರಾತ್ರಿ ಅದನ್ನು ಎತ್ತಲಿಲ್ಲ. ನನಗೂ ಗೊತ್ತಿತ್ತು. ಖಾತೆ ಪುಸ್ತಕ ನನ್ನ ಹತ್ತಿರವೇ ಇತ್ತು.

ಆ ಗೋಲಿ ಹುಡುಗ ಹೊಸ ಕೋಚ್ ಬಂದ ಎರಡನೇ ವಾರದಿಂದ ಬರಲಿಲ್ಲ. ಮರುವರ್ಷ ಗಲ್ಫಿಗೆ ಹೋದ. ಕ್ಲಬ್ಬೂ ಈಗ ಇಲ್ಲ. ಗದ್ದೆಯಲ್ಲಿ ಅಡಿಕೆ ಸಸಿ ಎದ್ದಿದೆ.

ಹೋದ ತಿಂಗಳು ಮಗನ ಪ್ಯಾಂಟಿನ ಅಂಚು ಬಿಡಿಸಲು ಟೈಲರಣ್ಣನ ಅಂಗಡಿಗೆ ಹೋಗಿದ್ದೆ. ಫೋನಿನಲ್ಲಿ ಬ್ಲಾಸ್ಟರ್ಸ್ ಹಳೇ ಪಂದ್ಯ ಹಾಕಿಟ್ಟು ಬಟನ್ ಹೊಲಿಯುತ್ತಿದ್ದರು. ಇಷ್ಟು ವರ್ಷ ಕೇಳದ್ದನ್ನು ಕೇಳಿದೆ. ಕೋಚನ್ನು ಹೀಗೆ ತೆಗೆದರೆ ಕ್ಲಬ್ಬಿಗೆ ದಂಡ ಹಾಕಬೇಕಾ ಅಣ್ಣಾ ಅಂತ. ಅವರು ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದರು.

"ದಂಡ ಗಿಂಡ ನನಗೆ ಗೊತ್ತಿಲ್ಲ" ಅಂದರು. "ಆ ಗೋಲಿ ಹುಡುಗ ಇದ್ದನಲ್ಲ, ಅವನು ಬಲಕ್ಕೆ ಚೆನ್ನಾಗಿ ಹಾರುತ್ತಿದ್ದ. ಎಡಕ್ಕೆ ಹಾರುವಾಗ ಕಣ್ಣು ಮುಚ್ಚುತ್ತಿದ್ದ. ದಿನಾ ಸಂಜೆ ಎಲ್ಲರೂ ಹೋದ ಮೇಲೆ ಇಪ್ಪತ್ತು ಚೆಂಡು ಎಡಕ್ಕೇ ಹಾಕುತ್ತಿದ್ದೆ. ಹೆದರಿಕೆ ಬಿಡುತ್ತಾ ಬಂದಿತ್ತು. ಇನ್ನೊಂದು ತಿಂಗಳು ಸಿಕ್ಕಿದ್ದರೆ ಆಗುತ್ತಿತ್ತು."

ಆಮೇಲೆ ಪ್ಯಾಂಟ್ ತಿರುಗಿಸಿ, ಹಳೇ ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಇದೆ ಅಂತ ಬೆರಳಿನಿಂದ ಅಳೆದು ನೋಡಿದರು. ಒಂದೂವರೆ ಇಂಚು ಬಿಡಬಹುದು, ಗುರುವಾರ ಬನ್ನಿ ಅಂದರು.